ಅಣ್ಣನ ಚಿತ್ರಕಥೆ ಕನ್ನಡ

ಜೂನ್ 9, ಸೋಮವಾರ

ಬೆಳಿಗ್ಗೆ ಬ್ಲೌಸುಗಳಿಗೆ ಹುಕ್ಸ್ ಹಾಕಿ ಮುಗಿಸಿದೆ. ಒಂದರ ತೋಳು ಬಿಗಿ — ಬಿಚ್ಚಿ ಮತ್ತೆ ಹೊಲಿಗೆ. ಅಣ್ಣನಿಗೆ ಗಂಜಿ, ಹುರುಳಿ ಚಟ್ನಿ. ಆಮೇಲೆ ಮೆಲ್ಲಗೆ ನಡೆಸಿಕೊಂಡು ಬಂದು ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದು. ಮುಂದೆ ಅಂಗಡಿ, ಹಿಂದೆ ಮನೆ. ಬಿ.ಸಿ.ರೋಡಿನ ಈ ಕಟ್ಟಡದಲ್ಲಿ ಅದೊಂದೇ ಅನುಕೂಲ.

ಮಡಿಲಲ್ಲಿ ಚಿತ್ರಕಥೆ ಪುಸ್ತಕ. ಅರುವತ್ತು ದಾಟಿತು, ಈ ಹುಚ್ಚು ಬಿಡಲಿಲ್ಲ. ಮೂಡಬಿದ್ರೆಯ ಹೋಟೆಲಿನಲ್ಲಿ ಕ್ಯಾಷಿಗೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಅಲ್ಲಿಯೂ ಡ್ರಾವರಿನಲ್ಲಿ ಚಿಲ್ಲರೆಯ ಕೆಳಗೆ ಇದೇ. ಬಟ್ಟೆ ಕೊಡಲು ಬಂದ ಹೆಂಗಸರು ನೋಡಿ ನಗುತ್ತಾರೆ. "ಮುಂಡಪ್ಪಣ್ಣ ಇನ್ನೂ ಮಕ್ಕಳ ಪುಸ್ತಕ ಬಿಡ್ಲಿಲ್ಲವಾ?" ಮೊದಲಾದರೆ ಉತ್ತರ ಸಿದ್ಧ ಇರುತ್ತಿತ್ತು — "ನೀವು ಧಾರಾವಾಹಿ ಬಿಡಿ, ಮರುದಿನ ನಾನು ಇದನ್ನು ಬಿಡ್ತೇನೆ."

ಈಗ ಉತ್ತರ ಇಲ್ಲ. ಶಿವರಾತ್ರಿ ಕಳೆದು ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಬಲಗಾಲು ಅರ್ಧ ಸೋತಿತು. ಮಾತು ಪೂರ್ತಿ ಹೋಯಿತು. ಬಾಯಿ ತೆರೆಯುತ್ತಾರೆ, ಪದ ಬರುವುದಿಲ್ಲ, ಮುಚ್ಚುತ್ತಾರೆ. ನೋಡಲಿಕ್ಕಾಗುವುದಿಲ್ಲ.

ಮಂಗಳೂರಿನ ಥೆರಪಿ ಮೇಡಂ ಹೇಳಿದ್ದು — ಮನೆಯ ಭಾಷೆಯಲ್ಲಿ ದಿನವಿಡೀ ಮಾತಾಡಿಸಿ ಎಂದು. ನಮ್ಮ ಮನೆಯ ಭಾಷೆ ತುಳು. ಹಾಗೆ ನಾನು, ಮಗಳು ಪ್ರಾಪ್ತಿ, ಬಂದವರು, ಹೋದವರು — ಎಲ್ಲರೂ ತುಳುವಿನಲ್ಲಿ ಮಾತಾಡಿಸಿದ್ದೇ ಮಾತಾಡಿಸಿದ್ದು. ಇದನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತೇನೆ. ಶಾಲೆಯಲ್ಲಿ ಬರೆಯಲು ಕಲಿಸಿದ್ದು ಅದನ್ನೇ.

ಮಧ್ಯಾಹ್ನ ಕರೆಂಟ್ ಇಲ್ಲ. ಮಿಷಿನ್ ನಿಂತಿತು. ಮೊಬೈಲಿನಲ್ಲಿ ಕ್ವಿಜ್ — "ನೀವು ಯಾವ ಹಕ್ಕಿ?" ನನಗೆ ನವಿಲು ಬಂತು. ಎಲ್ಲರ ಕಣ್ಣೂ ನನ್ನ ಮೇಲೆಯೇ ಇರುತ್ತದಂತೆ. ನನ್ನ ಮೇಲೆ ಇದ್ದದ್ದು ನೂಲಿನ ತುಂಡುಗಳು. ಸಂಜೆ ಮಗಳಿಗೆ ತೋರಿಸಿದೆ.

"ಅಮ್ಮ, ಇಂಥದ್ದರಲ್ಲಿ ನಿನ್ನ ಮಾಹಿತಿ ಎಲ್ಲ ಕದೀತಾರೆ."

"ಕದಿಯಲಿ. ಬಿ.ಸಿ.ರೋಡಿನಲ್ಲಿ ಒಂದು ನವಿಲು ಉಂಟು ಅಂತ ಅವರಿಗೂ ಗೊತ್ತಾಗಲಿ."

ಅಣ್ಣ ನಕ್ಕರು. ನಗು ಹೋಗಿಲ್ಲ. ಅಷ್ಟು ಪುಣ್ಯ.

ಜೂನ್ 14, ಶನಿವಾರ

ಪ್ರಾಪ್ತಿಯ ನಿಶ್ಚಿತಾರ್ಥದ ದಿನ ಗೊತ್ತಾಯಿತು. ಚೌತಿ ಕಳೆದ ಭಾನುವಾರ. ಮೂಡಬಿದ್ರೆಯಲ್ಲಿ ಹಾಲ್. ಹುಡುಗ ಉಜ್ವಲ್ — ಬೆಳ್ತಂಗಡಿ ಹತ್ತಿರದ ಲಾಯಿಲದವರು, ಟೈಲ್ಸ್ ಅಂಗಡಿ ಉಂಟು. ಒಳ್ಳೆಯ ಹುಡುಗ. ಮಗಳು ಅವನ ಫೋನ್ ಬಂದರೆ ಹಿತ್ತಲಿಗೆ ಹೋಗುತ್ತಾಳೆ.

ದಿನ ಹೇಳಲು ಫೋನ್ ಮಾಡಿದ್ದು ಶಂಭಣ್ಣ. ದೊಡ್ಡಮ್ಮನ ಮಗ. ಮೂಡಬಿದ್ರೆ ಹತ್ತಿರದ ನಮ್ಮ ಕುಟುಂಬದ ಮೂಲಮನೆ, ಮೇಗಿನಮನೆಯನ್ನು ಈಗ ನೋಡಿಕೊಳ್ಳುವವರು. ಕೈ ಮಿಷಿನಿನಲ್ಲಿತ್ತು, ಸ್ಪೀಕರ್ ಹಾಕಿದ್ದೆ.

"ಕಾಂತಿ, ವೀಳ್ಯದ ಮಾತು ನಾನು ಹೇಳ್ತೇನೆ. ಮುಂಡಪ್ಪಣ್ಣ ಎದುರು ಸಾಲಿನಲ್ಲಿ ಕೂತರೆ ಸಾಕು. ಒಂದು ಶಾಲು ಹಾಕಿ ಗೌರವ ಮಾಡುವ."

"ಅಷ್ಟರಲ್ಲಿ ಗುಣ ಆಗಬಹುದಲ್ಲ ಶಂಭಣ್ಣ."

"ಆದರೆ ಸಂತೋಷ. ಆಗದಿದ್ದರೆ? ಸಭೆಯ ಎದುರು ಬಾಯಿ ತೆರೆದು ನಿಂತು ಮಾತು ಬಾರದಿದ್ದರೆ? ನನಗೂ ಅವರು ಅಣ್ಣ ಅಲ್ಲವಾ ಮಾರಾಯ್ತಿ?"

ತಪ್ಪು ಹೇಳಲಿಲ್ಲ. ಅದೇ ಕಷ್ಟ. ನಮ್ಮಲ್ಲಿ ಹುಡುಗಿಯನ್ನು ಕೊಡುವ ಮಾತು ಸೋದರಮಾವನದ್ದು. ವೀಳ್ಯದ ಹರಿವಾಣ ಹಿಡಿದು, ತಾಯಿ ಕಡೆಯ ಕುಲ ಇಂಥ ಬರಿ, ಇಂಥ ಮನೆ, ಇಂಥ ಹುಡುಗಿ ಎಂದು ಸಭೆಗೆ ಕೇಳುವ ಹಾಗೆ ಹೇಳಬೇಕು. ಹುಡುಗನ ಕಡೆಯ ಮಾವ ಒಪ್ಪಿ ಹರಿವಾಣ ತೆಗೆದುಕೊಳ್ಳಬೇಕು. ಮಾತು ಅಲ್ಲಿಗೇ ಗಟ್ಟಿ. ಮದುವೆ ಎಂದರೆ ಆಮೇಲಿನ ಊಟ. ಶಂಭಣ್ಣನೂ ನಮ್ಮದೇ ಬರಿ, ಅವರು ಹೇಳಿದರೆ ಶಾಸ್ತ್ರಕ್ಕೆ ಕೊರತೆ ಇಲ್ಲ.

ಆದರೆ ನನ್ನ ಯಜಮಾನರು ತೀರಿಹೋದಾಗ ಪ್ರಾಪ್ತಿ ಇನ್ನೂ ಎರಡು ಜಡೆಯ ಹುಡುಗಿ. ಆಮೇಲೆ ಪ್ರತಿ ಭಾನುವಾರ ಮೂಡಬಿದ್ರೆಯಿಂದ ಬಸ್ಸು ಹಿಡಿದು ಬಂದದ್ದು ಅಣ್ಣ. ಶಾಲೆಯ ಮೀಟಿಂಗಿಗೆ ಹೋದದ್ದು ಅಣ್ಣ. ಮದುವೆ ಆಗಲೇ ಇಲ್ಲ, ಇವಳೇ ಅವರ ಸಂಸಾರ.

ಫೋನ್ ಇಟ್ಟು ತಿರುಗಿ ನೋಡಿದೆ. ಪುಸ್ತಕ ಮುಚ್ಚಿತ್ತು. ಅಣ್ಣ ಗೋಡೆ ನೋಡುತ್ತಿದ್ದರು. ಎಲ್ಲ ಅವರ ಕಿವಿಗೆ ಬಿದ್ದಿದೆ.

ಅವರಿಗೆ ಆ ದಿನ ಎದ್ದು ನಿಲ್ಲುವ ಆಸೆ ಉಂಟೋ, ಇಲ್ಲ ಈ ಕಷ್ಟ ತಪ್ಪಿದರೆ ಸಾಕೆಂದು ಉಂಟೋ — ಕೇಳುವುದು ಹೇಗೆ? ಕೇಳಿದರೆ ಉತ್ತರ ಹೇಳಲಾಗದೆ ಇನ್ನೊಂದು ಸಲ ಬಾಯಿ ತೆರೆದು ಮುಚ್ಚಬೇಕು.

ಜೂನ್ 22, ಭಾನುವಾರ, ಸಂಜೆ

ಅಕ್ಷರ ವಾರೆ ಬರುತ್ತಿದೆ. ಬರೆದೇ ಬಿಡುತ್ತೇನೆ.

ಅಂಗಡಿ ಬಂದ್. ಒಳಗೆ ಕೂತು ಕ್ವಿಜ್ ನೋಡುತ್ತಿದ್ದೆ. "ನಿಮ್ಮೊಳಗಿನ ವೀರ ಯಾರು?" ನನಗೆ ದೊಡ್ಡದಾಗಿ ಓದುವ ಅಭ್ಯಾಸ. ಅಣ್ಣ ಹಿಂದೆ ಮಂಚದಲ್ಲಿ.

"ದಟ್ಟ ಅರಣ್ಯದಲ್ಲಿ ದಾರಿ ತಪ್ಪಿದರೆ ನೀವು ಏನು ಮಾಡುವಿರಿ? ಎ — ಅಳುವಿರಿ. ಬಿ — ಸಹಾಯಕ್ಕಾಗಿ ಕೂಗುವಿರಿ. ಸಿ — ಮೊಬೈಲಿನಲ್ಲಿ ದಾರಿ ನೋಡುವಿರಿ. ಡಿ — ಮರ ಹತ್ತುವಿರಿ."

ನಾನು ಸಿ ಒತ್ತುವುದರಲ್ಲಿದ್ದೆ.

"ನದಿಯ ಹರಿವನ್ನು ಅನುಸರಿಸಿ ನಡೆಯುವೆನು."

ಟಿವಿ ಎಂದುಕೊಂಡೆ. ಟಿವಿ ಆಫ್ ಇತ್ತು. ತಿರುಗಿದೆ. ಅಣ್ಣ ಎದ್ದು ಕೂತಿದ್ದಾರೆ. ಮುಖದಲ್ಲಿ ನನಗಿಂತ ಹೆಚ್ಚು ಗಾಬರಿ.

ಏನು ಹೇಳಿದಿರಿ ಎಂದು ತುಳುವಿನಲ್ಲಿ ಕೇಳಿದೆ. ಬಾಯಿ ತೆರೆದರು. ಇಲ್ಲ. ಮುಚ್ಚಿದರು. ಮತ್ತೆ ಕೇಳಿದೆ. ಇಲ್ಲ. ಕಣ್ಣಲ್ಲಿ ನೀರು.

ಏನು ತೋಚಿತೋ, ಮೊಬೈಲ್ ಎತ್ತಿ ಮುಂದಿನದನ್ನು ಓದಿದೆ. "ನಿಮ್ಮ ಶತ್ರು ಆಯುಧವಿಲ್ಲದೆ ನಿಮ್ಮೆದುರು ನಿಂತರೆ?"

"ಅವನಿಗೂ ಒಂದು ಖಡ್ಗವನ್ನು ಕೊಡುವೆನು. ಬಳಿಕ ಹೋರಾಡುವೆನು."

ನಿಧಾನ. ಒಂದೊಂದೇ ಪದ, ಮೆಟ್ಟಿಲು ಇಳಿದ ಹಾಗೆ. ಆದರೆ ಸ್ಪಷ್ಟ. ಪ್ರಾಪ್ತಿ ಹಿತ್ತಲಿನಿಂದ ಓಡಿ ಬಂದಳು, ಕಿವಿಯಲ್ಲಿ ಫೋನ್ ಇದ್ದ ಹಾಗೇ.

ನಾನು ಕನ್ನಡದಲ್ಲಿ ಕೇಳಿದೆ. ಅಣ್ಣನ ಹತ್ತಿರ ಹುಟ್ಟಿದ ಮೇಲೆ ಕನ್ನಡ ಮಾತಾಡಿದವಳಲ್ಲ, ನಾಲಿಗೆ ತಡವರಿಸಿತು. "ಅಣ್ಣ, ನಿಮಗೆ... ನಿಮಗೆ ಮಾತು ಬರುತ್ತದಾ?"

"ಬರುತ್ತಿದೆ, ಸೋದರಿ."

ಕ್ವಿಜ್ ಮುಗಿಯಲಿಲ್ಲ. ಅವರ ಉತ್ತರ ಯಾವುದೂ ಅದರಲ್ಲಿ ಇರಲಿಲ್ಲ.

ಜೂನ್ 23, ಸೋಮವಾರ

ಅಂಗಡಿ ತೆರೆದದ್ದು ತಡ. ಬೆಳಿಗ್ಗೆಯಿಂದ ಪರೀಕ್ಷೆ. ತುಳುವಿನಲ್ಲಿ ಗಂಜಿ ಬೇಕಾ ಎಂದರೆ ಕಣ್ಣು ಮಾತ್ರ. ಕನ್ನಡದಲ್ಲಿ ಕೇಳಿದರೆ, "ಇನ್ನು ಸಾಕು. ಹೊಟ್ಟೆ ತುಂಬಿದೆ."

ಮೇಡಮಿಗೆ ಫೋನ್ ಮಾಡಿದೆ. ಹಾಗೂ ಆಗುವುದುಂಟಂತೆ — ಕೆಲವರಿಗೆ ಆಡಿದ ಭಾಷೆಗಿಂತ ಮೊದಲು ಓದಿದ ಭಾಷೆ ತಿರುಗಿ ಬರುತ್ತದಂತೆ. "ಅವರು ತುಂಬಾ ಏನು ಓದುತ್ತಿದ್ದರು?" ಕೇಳಿದರು. ಹೇಳಲು ಸ್ವಲ್ಪ ಸಂಕೋಚ ಆಯಿತು. ಚಿತ್ರಕಥೆ ಎಂದೆ. ಅವರು ನಗಲಿಲ್ಲ. ಕನ್ನಡದಲ್ಲೇ ಮಾತಾಡಿಸಿ, ತುಳು ಆಮೇಲೆ ಬಂದರೆ ಬರಲಿ ಎಂದರು.

ಇಷ್ಟು ಸಮಯ ಒಬ್ಬರಾದರೂ ಅವರ ಹತ್ತಿರ ಒಂದು ಮಾತು ಕನ್ನಡ ಆಡಲಿಲ್ಲ. ಆಡುವುದು ಯಾಕೆ? ಕನ್ನಡ ಎಂದರೆ ಬ್ಯಾಂಕಿಗೆ, ಮೇಷ್ಟ್ರಿಗೆ, ಘಟ್ಟದ ಮೇಲಿನ ನೆಂಟರಿಗೆ. ಮನೆಯೊಳಗೆ ಕನ್ನಡ ಮಾತಾಡಿದರೆ ಸಿಟ್ಟು ಬಂದಿದೆ ಎಂದು ಅರ್ಥ. ಹತ್ತಿರದವರು ಎಂದೇ ತುಳು ಮಾತಾಡಿದೆವು. ಅವರು ಒಳಗೆ ಕೂತು ಬಾಗಿಲು ಬಡಿಯುತ್ತಿದ್ದರು, ನಾವು ಇನ್ನೊಂದು ಬಾಗಿಲಲ್ಲಿ ಕಾಯುತ್ತಾ ಇದ್ದೆವು.

ಜೂನ್ 28, ಶನಿವಾರ

ಅಣ್ಣನ ಕನ್ನಡ ನಮ್ಮ ಕನ್ನಡ ಅಲ್ಲ. ಸಿಲಿಂಡರಿನವನು ಬಂದ.

"ನಿಲ್ಲು. ಯಾರು ನೀನು? ಬಂದ ಉದ್ದೇಶವೇನು?"

ಪಾಪ, ಸಿಲಿಂಡರ್ ಹೆಗಲಲ್ಲೇ ಇತ್ತು. "ಗ್ಯಾಸ್, ಅಣ್ಣ."

"ಸರಿ. ಮುಂದುವರಿ."

ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅಂಗಡಿಗೆ ಬಂದವರೂ ನಗುತ್ತಾರೆ. ಸುದ್ದಿ ಹಬ್ಬಿದೆ. ಬ್ಲೌಸ್ ತಯಾರಾಯಿತಾ ಎಂದು ಕೇಳುವ ನೆವದಲ್ಲಿ ಮಾತಾಡಿಸಲು ಬರುವವರೇ ಹೆಚ್ಚು. ಕೆಲವರದ್ದು ಒಳ್ಳೆಯ ನಗು. ಕೆಲವರದ್ದು ಅಲ್ಲ. ಅಣ್ಣನಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಅಂಥವರು ಬಂದರೆ ಪುಸ್ತಕ ಎತ್ತಿ ಮುಖಕ್ಕೆ ಹಿಡಿಯುತ್ತಾರೆ.

ಜುಲೈ 2, ಬುಧವಾರ

ಅಬ್ದುಲ್ ಹಕೀಂ ಬಂದಿದ್ದರು. ಬಸ್ ಸ್ಟ್ಯಾಂಡ್ ಹಿಂದೆ ಹಳೆ ಪೇಪರ್ ಅಂಗಡಿ. ರದ್ದಿಯಲ್ಲಿ ಚಿತ್ರಕಥೆ ಬಂದರೆ ತೂಕಕ್ಕೆ ಹಾಕದೆ ಅಣ್ಣನಿಗೆಂದು ತೆಗೆದಿಡುವವರು. ಈಗಲೂ ಒಂದು ತಂದಿದ್ದರು, ಮುಖಪುಟ ಇಲ್ಲದ್ದು.

"ಮಿತ್ರನೇ, ಬಾ. ಕುಳಿತುಕೋ."

ಹಕೀಂ ಕೂರಲಿಲ್ಲ. ನಿಂತೇ ಇದ್ದರು. ಆಮೇಲೆ ನನ್ನ ಹತ್ತಿರ, "ಕಾಂತಿಯಕ್ಕ, ಇಷ್ಟು ವರ್ಷ ನನ್ನನ್ನು ಏನು ಕರೀತಿದ್ದರು ಗೊತ್ತುಂಟಾ? ‘ಏ ಗುಜರಿ’ ಅಂತ. ಇವತ್ತು ಮಿತ್ರ ಆದೆ. ಇವರಿಗೆ ಸ್ಟ್ರೋಕ್ ಸ್ವಲ್ಪ ಮೊದಲೇ ಆಗಬೇಕಿತ್ತು."

ಅಣ್ಣ ಹೊಟ್ಟೆ ಕುಲುಕಿಸಿ ನಕ್ಕರು. "ಗುಜರಿ ಮಿತ್ರನೇ," ಎಂದು ತಿದ್ದಿಕೊಂಡರು.

ಇಬ್ಬರೂ ಆ ಮುಖಪುಟ ಇಲ್ಲದ ಪುಸ್ತಕ ಹಿಡಿದು ಕೂತರು. ನೋಡುತ್ತಾ ನನಗೆ ಬಾಲ್ಯ ನೆನಪಾಯಿತು. ನಾನು ಅಕ್ಷರ ಬಾರದ ಹುಡುಗಿ. ಅಣ್ಣ ಚಿತ್ರಕ್ಕೆ ಬೆರಳಿಟ್ಟು ಕತೆ ಹೇಳುತ್ತಿದ್ದರು, ತುಳುವಿನಲ್ಲಿ. ರಾಜ, ರಾಕ್ಷಸ, ಕಡಲ್ಗಳ್ಳ, ಎಲ್ಲರೂ ತುಳು ಮಾತಾಡುತ್ತಿದ್ದರು. ರಾಕ್ಷಸ ನಮ್ಮ ಎಮ್ಮೆ ಬ್ರೋಕರನ ಸ್ವರದಲ್ಲಿ. ಶಾಲೆಗೆ ಹೋಗಿ ಓದಲು ಕಲಿತ ಮೇಲೆ ನೋಡುತ್ತೇನೆ, ಅವರೆಲ್ಲ ಕನ್ನಡದವರು. ಮೋಸ ಆಯಿತೆಂದು ಅತ್ತಿದ್ದೆ.

ಜುಲೈ 6, ಭಾನುವಾರ

ನಾನೇ ಒಂದು ಕ್ವಿಜ್ ಬರೆದೆ. ಬ್ಲೌಸ್ ಅಳತೆ ಬರೆಯುವ ಚೀಟಿಯ ಹಿಂದೆ. ನೇರ ಕೇಳಲು ಧೈರ್ಯ ಇಲ್ಲ. ಮೊಬೈಲಿನದ್ದೇ ಎಂಬ ಹಾಗೆ ಓದಿದೆ.

"ಸೋದರ ಸೊಸೆಯ ನಿಶ್ಚಿತಾರ್ಥದ ದಿನ ನೀವು ಏನು ಮಾಡುವಿರಿ? ಎ — ಎದುರು ಸಾಲಿನಲ್ಲಿ ಕುಳಿತು ನೋಡುವಿರಿ. ಬಿ — ಶಂಭಣ್ಣನ ಪಕ್ಕದಲ್ಲಿ ನಿಲ್ಲುವಿರಿ. ಸಿ — ಮನೆಯಲ್ಲಿಯೇ ಇರುವಿರಿ. ಡಿ..."

ಡಿ ಬರೆದಿರಲಿಲ್ಲ. ಬರೆಯಲು ಹೆದರಿಕೆ ಆಗಿತ್ತು. ಬರೆದು, ಅವರು ಅದನ್ನೇ ಆರಿಸಿ, ಆಮೇಲೆ ಆ ದಿನ ಆಗದೆ ಹೋದರೆ?

"ಡಿ," ಎಂದರು ಅಣ್ಣ.

"ಡಿ ಏನೂ ಇಲ್ಲ ಅಣ್ಣ. ಖಾಲಿ."

"ಖಾಲಿ ಇರುವುದನ್ನು ನಾನು ತುಂಬುವೆನು." ಎಡಗೈ ಎದೆಯ ಮೇಲೆ ಇಟ್ಟುಕೊಂಡರು. "ಮಾತು ನಾನು ಕೊಡುವೆನು."

ಮೊಬೈಲಿನದ್ದಲ್ಲ ಎಂದು ಮೊದಲೇ ಗೊತ್ತಿತ್ತು ಅವರಿಗೆ.

ಜುಲೈ 13, ಭಾನುವಾರ

ಶಂಭಣ್ಣನನ್ನು ಕರೆಸಿದೆ. ಕಾಫಿ, ಗೋಳಿಬಜೆ. ಅಣ್ಣನ ಮಾತು ಕೇಳಿ ಕಣ್ಣು ಒರೆಸಿಕೊಂಡರು. ಆದರೆ ವಿಷಯ ಬಂದಾಗ ಗಂಟು ಬಿತ್ತು.

"ಕಾಂತಿ, ವೀಳ್ಯದ ಮಾತು ತುಳುವಿನದ್ದು. ಅಜ್ಜಂದಿರ ಕಾಲದಿಂದ ಹಾಗೆ. ಅಲ್ಲಿ ಹೋಗಿ ‘ಕೊಡುವೆನು, ಬರುವೆನು’ ಅಂದರೆ ಜನ ಏನು ಹೇಳ್ತಾರೆ? ಹುಡುಗನ ಮಾವ ಯಾರು ಗೊತ್ತುಂಟಲ್ಲ — ತ್ಯಾಂಪಣ್ಣ. ಎಲೆ ತಿರುಗಿಸಿ ಹಾಕಿದರು ಅಂತ ಊಟ ಬಿಟ್ಟು ಎದ್ದು ಹೋದವರು."

"ಭಾಷೆ ಯಾವುದಾದರೆ ಏನು ಶಂಭಣ್ಣ, ಮಾತು ಮಾತೇ ಅಲ್ಲವಾ?"

"ನಿನಗೂ ನನಗೂ ಹೌದು. ಆದರೆ ಅಲ್ಲಿ ಒಬ್ಬ ನಕ್ಕ ಅಂದುಕೋ. ಒಬ್ಬನೇ ಸಾಕು. ಆ ನಗು ಇವರಿಗೆ ಸಾಯುವವರೆಗೆ ಕೇಳ್ತದೆ. ಅದಕ್ಕೆ ನೀನು ತಯಾರಾ?"

ನಾನು ಗೋಳಿಬಜೆಯ ತಟ್ಟೆ ಅವರ ಕಡೆ ಸರಿಸಿದೆ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ತುಳುವಿನಲ್ಲಿ ನಾಲ್ಕು ಸಾಲು, ಬಾಯಿಪಾಠ ಮಾಡಿಸು. ಸಾಧ್ಯ ಆದರೆ ಮುಂಡಪ್ಪಣ್ಣನೇ ಹೇಳಲಿ. ಆಗದಿದ್ದರೆ ನಾನು ಹೇಳ್ತೇನೆ ಎಂದರು. ಆಟಿ ತಿಂಗಳು ಬಂತು, ಶುಭಕಾರ್ಯದ ಮಾತಿಗೆ ಕಾಲ ಅಲ್ಲ, ಇನ್ನು ಮುಂದಿನ ಸೋಣ ತಿಂಗಳವರೆಗೆ ಈ ಮಾತು ಬೇಡವಂತೆ.

ಜುಲೈ 15, ಮಂಗಳವಾರ

ಪ್ರಾಪ್ತಿಯೂ ನಾನೂ ಕೂತು ಹೇಳಿಸಿದೆವು. ಸ್ಟೀಲಿನ ತಟ್ಟೆಯೇ ಹರಿವಾಣ. ಮೊದಲ ಪದ "ಎಂಕುಲು" — ನಾವು. ಅಷ್ಟೇ. ಹುಟ್ಟಿದ ಮಗು ಕೂಡ ಹೇಳುವ ಪದ. ಅಣ್ಣನ ಕುತ್ತಿಗೆಯ ನರ ಉಬ್ಬಿತು, ಹಣೆಯಲ್ಲಿ ಬೆವರು. "ಎಂ... ಎಂ..." ಮತ್ತೆ ಹೇಳಿಸಿದೆ. ಮತ್ತೆ. ನಿಲ್ಲಿಸಬೇಕಿತ್ತು. ಪ್ರಾಪ್ತಿ ಸಾಕಮ್ಮ ಎಂದಳು. ಇನ್ನೊಂದು ಸಲ ಎಂದೆ ನಾನು.

ತಟ್ಟೆ ತಳ್ಳಿದರು. ಗೋಡೆಗೆ ತಾಗಿ ಸುತ್ತುತ್ತಾ ಬಿತ್ತು. ಪ್ರಾಪ್ತಿ ಎದ್ದು ಹೋಗಿ ಅದನ್ನು ಕೈಯಿಂದ ಒತ್ತಿ ನಿಲ್ಲಿಸಿದಳು.

ಆಗಸ್ಟ್ 10, ಭಾನುವಾರ

ಬರೆಯಲಿಕ್ಕೆ ಏನೂ ಇಲ್ಲ. ಅಣ್ಣ ಈಗ ಕನ್ನಡದಲ್ಲಿಯೂ ಮಾತಾಡುವುದಿಲ್ಲ. ಪುಸ್ತಕ ಬೇಡ. ಹಕೀಂ ಎರಡು ಸಲ ಬಂದು ಹೋದರು. ನಾನು ಕ್ವಿಜ್ ನೋಡುವುದು ಬಿಟ್ಟೆ.

ಆಗಸ್ಟ್ 19, ಮಂಗಳವಾರ

ಮಗಳು ಕೆಲಸದಿಂದ ಬಂದವಳು ಚಪ್ಪಲಿ ತೆಗೆದು ನೇರ ಮಂಚದ ಹತ್ತಿರ ಹೋಗಿ ನೆಲದಲ್ಲಿ ಕೂತಳು. ಬ್ಯಾಗ್ ಇನ್ನೂ ಹೆಗಲಲ್ಲಿತ್ತು. ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿಕೊಂಡು ಬಂದಿರಬೇಕು.

"ಮಾಮ, ಒಂದೇ ಪ್ರಶ್ನೆ. ಎ ಬಿ ಸಿ ಡಿ ಇಲ್ಲ. ನನ್ನ ಮಾತು ಕೊಡುವವರು ಯಾರು?"

ಅಣ್ಣ ಅವಳನ್ನು ನೋಡಿದರು. ಹೊರಗೆ ಧರ್ಮಸ್ಥಳ ಬಸ್ಸಿನವನು ಕೂಗಿ ಕೂಗಿ ಹೋದ. "ನನಗೆ ತುಳು ಬರುವುದಿಲ್ಲ," ಎಂದರು.

"ತುಳು ಕೇಳಿದ್ದು ಯಾರು? ನಾನು ಕೇಳಿದ್ದು ಯಾರು ಅಂತ."

"ನಾನು."

"ಆಯ್ತು." ಎದ್ದು ಹಿತ್ತಲಿಗೆ ಹೋಗಿ ಉಜ್ವಲನಿಗೆ ಫೋನ್ ಮಾಡಿದಳು. ಈ ಸಲ ಸ್ವರ ತಗ್ಗಿಸಲಿಲ್ಲ, ನನಗೂ ಕೇಳಿತು. "ನಮ್ಮ ಮಾಮ ಕನ್ನಡದಲ್ಲಿ ಹೇಳ್ತಾರೆ. ಪುಸ್ತಕದ ಕನ್ನಡ. ನಿಮ್ಮ ಮಾವನಿಗೆ ಮೊದಲೇ ಹೇಳಿಡಿ. ನಗುವವರು ಇದ್ದರೆ ಅವತ್ತು ಬರುವುದು ಬೇಡ ಅಂತ ಕೂಡ ಹೇಳಿ."

ಹೀಗೆ ಮಾತಾಡಲು ಯಾರು ಕಲಿಸಿದ್ದು ಇವಳಿಗೆ.

ಉಜ್ವಲ್ ಮಾವನ ಹತ್ತಿರ ಹೇಳುತ್ತಾನಂತೆ. ಅವರು ಏನು ಅನ್ನುತ್ತಾರೋ ತನಗೂ ಗೊತ್ತಿಲ್ಲ ಅಂದನಂತೆ.

ಆಗಸ್ಟ್ 24, ಭಾನುವಾರ

ಲಾಯಿಲದಿಂದ ಏನೂ ಉತ್ತರ ಇಲ್ಲ. ತ್ಯಾಂಪಣ್ಣ ಕೇಳಿಸಿಕೊಂಡರಂತೆ, ಹ್ಞಾಂ ಎಂದರಂತೆ, ಎದ್ದು ಸ್ನಾನಕ್ಕೆ ಹೋದರಂತೆ. ಇದಕ್ಕೆ ಏನು ಅರ್ಥ ಮಾಡುವುದು?

ಶಂಭಣ್ಣನ ಫೋನ್. ಸಿಟ್ಟು ಇಲ್ಲ, ಬೇಸರ ಉಂಟು. "ನಿಮ್ಮ ಇಷ್ಟ ಕಾಂತಿ. ಮಾತಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ಹರಿವಾಣ?"

"ಹರಿವಾಣಕ್ಕೆ ಏನು?"

"ಹಿಡಿಯುವುದು ಯಾವ ಕೈಯಲ್ಲಿ?"

ಎಡಗೈಯಲ್ಲಿ ವೀಳ್ಯ ಕೊಡುವುದುಂಟಾ? ಬೈಗುಳಕ್ಕೆ ಸಮ. ಅಣ್ಣನ ಬಲಗೈ ಒಂದು ಲೋಟ ಎತ್ತುವುದಿಲ್ಲ. ಮಾತು ಮಾತು ಎಂದು ಬಾಯಿಯನ್ನೇ ನೋಡುತ್ತಾ ಕೂತೆ, ಕೈ ಕಣ್ಣಿಗೆ ಬೀಳಲೇ ಇಲ್ಲ.

ಪ್ರಾಪ್ತಿಗೆ ಹೇಳಲಿಲ್ಲ. ಅಣ್ಣನಿಗೆ ಹೇಳುವ ಪ್ರಶ್ನೆಯೇ ಇಲ್ಲ. ಅವರು ಮತ್ತೆ ಪುಸ್ತಕ ಹಿಡಿದಿದ್ದಾರೆ. ತುಟಿ ಆಡುತ್ತದೆ. ಏನೋ ಅಭ್ಯಾಸ ಮಾಡುತ್ತಿದ್ದಾರೆ.

ಆಗಸ್ಟ್ 30, ಶನಿವಾರ

ಮಗಳ ಬ್ಲೌಸ್ ಮುಗಿಯಿತು. ಊರಿನವರದ್ದೆಲ್ಲ ಹೊಲಿದು ಅವಳದ್ದು ಕೊನೆಗೆ. ಅಣ್ಣನ ಬಿಳಿ ಶರ್ಟಿಗೆ ಗುಂಡಿ ತೆಗೆದು ಒಳಗಿಂದ ಪ್ರೆಸ್ ಬಟನ್ ಹಾಕಿದೆ, ಒಂದೇ ಕೈಯಲ್ಲಿ ಹಾಕಿಕೊಳ್ಳಲು ಸುಲಭ.

ಹರಿವಾಣದ ವಿಷಯ ಹಾಗೇ ಉಂಟು. ಬೆಳಿಗ್ಗೆ ಒಂದು ಯೋಚನೆ, ಮಧ್ಯಾಹ್ನ ಒಂದು. ಒಂದೂ ನಿಲ್ಲುವುದಿಲ್ಲ.

ಆಗಸ್ಟ್ 31, ಭಾನುವಾರ, ಸಂಜೆ 5

ಈಗಷ್ಟೇ ಮನೆಗೆ ಬಂದೆವು. ಸೀರೆ ಬದಲಿಸಲಿಲ್ಲ. ಮರೆಯುವ ಮೊದಲು ಬರೆಯಬೇಕು.

ಹಾಲ್ ತುಂಬಿತ್ತು. ಮೂಡಬಿದ್ರೆಯಲ್ಲಿ ಅಣ್ಣ ಚಿಲ್ಲರೆ ಕೊಡದ ಜನ ಇಲ್ಲ, ಹೋಟೆಲಿನವರು ಕೂಡ ಬಂದಿದ್ದರು. ತ್ಯಾಂಪಣ್ಣ ನನ್ನ ಎದುರಿಗೇ. ದಪ್ಪ ಮೀಸೆ, ಜರಿ ಶಾಲು, ಯಾರನ್ನೂ ನೋಡದ ಕಣ್ಣು. ಉಜ್ವಲ್ ಹಿಂದೆ ನಿಂತು ಬೆವರುತ್ತಿದ್ದ.

ಶಂಭಣ್ಣ ಹರಿವಾಣ ಎತ್ತಿದರು. ಸರಿ, ಇವರೇ ಹೇಳುತ್ತಾರೆ, ಇದು ಇಷ್ಟೇ ಎಂದುಕೊಂಡೆ. ಪ್ರಾಪ್ತಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಶಂಭಣ್ಣ ಸಭೆಯ ಕಡೆ ಹೋಗಲಿಲ್ಲ. ಅಣ್ಣನ ಕುರ್ಚಿಯ ಹತ್ತಿರ ಬಂದರು. ಎಬ್ಬಿಸಿ ನಿಲ್ಲಿಸಿದರು. ಅಣ್ಣನ ಸೋತ ಬಲಗೈ ಎತ್ತಿ, ಅಡಿಯಲ್ಲಿ ತನ್ನ ಅಂಗೈ ಕೊಟ್ಟು, ಅದರ ಮೇಲೆ ಹರಿವಾಣ ಇಟ್ಟರು. ನೋಡಿದವರಿಗೆ ಕಾಣುವುದು ಅಣ್ಣನ ಕೈ. ಭಾರ ಶಂಭಣ್ಣನದ್ದು. ಇಬ್ಬರೂ ಒಂದೇ ಹೆಜ್ಜೆಯಲ್ಲಿ ನಡೆದು ತ್ಯಾಂಪಣ್ಣನ ಎದುರು ನಿಂತರು.

"ಹೇಳಿ ಮುಂಡಪ್ಪಣ್ಣ," ಎಂದರು ಶಂಭಣ್ಣ. ಕನ್ನಡದಲ್ಲಿ.

ಅಣ್ಣ ಬರಿ ಹೇಳಿದರು. ಮೇಗಿನಮನೆ ಎಂದರು. "ನಮ್ಮ ಮನೆಯ ಮಗಳು ಪ್ರಾಪ್ತಿಯನ್ನು ನಿಮ್ಮ ಉಜ್ವಲನಿಗೆ ಕೊಡುವೆವು. ಇದು ನನ್ನ ಮಾತು."

ಅಷ್ಟೇ ಸಾಕಿತ್ತು. ಶಂಭಣ್ಣ ಹರಿವಾಣ ಮುಂದೆ ಚಾಚಿದರು. ಅಣ್ಣ ತಲೆ ಅಲ್ಲಾಡಿಸಿ ತಡೆದರು.

"ಆದರೆ ಎಚ್ಚರಿಕೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇವಳ ಕಣ್ಣಲ್ಲಿ ನೀರು ಬಂದರೆ, ನಾನು ಎಲ್ಲಿದ್ದರೂ ಬರುವೆನು. ಒಂದು ಕಾಲು ಸಾಲದಿದ್ದರೆ... ತೆವಳಿ ಬರುವೆನು."

ಆಮೇಲೆ ಯಾರೂ ನಗಲಿಲ್ಲ. ತ್ಯಾಂಪಣ್ಣ ಅಣ್ಣನ ಕಾಲು ನೋಡಿದರು, ಮುಖ ನೋಡಿದರು. ಎರಡೂ ಕೈಯಲ್ಲಿ ಹರಿವಾಣ ತೆಗೆದುಕೊಂಡು, ಒಪ್ಪಿದೆವು ಎಂದು ಸಭೆಗೆ ತುಳುವಿನಲ್ಲಿ ಹೇಳಿದರು, ಶಾಸ್ತ್ರ ಹೇಗೋ ಹಾಗೆ. ಆಮೇಲೆ ಅಣ್ಣನ ಕಡೆ ಬಗ್ಗಿ, ಶಾಲೆಯ ಹುಡುಗ ಪಾಠ ಒಪ್ಪಿಸಿದ ಹಾಗೆ ಒಂದೊಂದೇ ಪದ ಹುಡುಕಿ, ಕನ್ನಡದಲ್ಲಿ —

"ಬನ್ನಿ. ಯಾವಾಗ ಬೇಕಾದರೂ ಬನ್ನಿ. ಆದರೆ ಬಂದವರು ಊಟ ಮಾಡದೆ ಹೋಗಬಾರದು. ಅದು ನನ್ನ ಎಚ್ಚರಿಕೆ."

ಅಣ್ಣ ಸ್ವಲ್ಪ ಯೋಚಿಸಿದರು. "ಒಪ್ಪಿದೆ," ಎಂದರು.

ಪ್ರಾಪ್ತಿ ನಗುತ್ತಿದ್ದಳೋ ಅಳುತ್ತಿದ್ದಳೋ, ಕಾಡಿಗೆ ಮಾತ್ರ ಕೆನ್ನೆಗೆ ಬಂದಿತ್ತು. ಅಣ್ಣ ಅದನ್ನು ನೋಡಿ ತ್ಯಾಂಪಣ್ಣನ ಕಡೆ ತಿರುಗಿದರು. ತ್ಯಾಂಪಣ್ಣ ಗಾಬರಿಯಲ್ಲಿ, "ಇದು ನಮ್ಮಿಂದ ಅಲ್ಲ ಮಾರಾಯ್ರೆ," ಎಂದರು. ಆಗ ನಕ್ಕಿತು ಇಡೀ ಹಾಲ್. ಅಣ್ಣನೂ.

ಬರುವಾಗ ಶಂಭಣ್ಣನ ಕಾರು. ಎದುರು ಸೀಟಿನಲ್ಲಿ ಅಣ್ಣ. ಶಂಭಣ್ಣ ಸ್ಟೇರಿಂಗ್ ಹಿಡಿದ ಕೈಯನ್ನು ಆಗಾಗ ಬಿಡಿಸಿ ಕೊಡವುತ್ತಿದ್ದರು. ನೋವು ಬಂದಿರಬೇಕು, ಅಷ್ಟು ಹೊತ್ತು ಹೊತ್ತದ್ದಕ್ಕೆ. ಕೇಳಿದರೆ ಒಪ್ಪುವವರಲ್ಲ. ಬಂಟ್ವಾಳ ದಾಟುವಾಗ ಅಣ್ಣ ಅವರ ಭುಜದ ಮೇಲೆ ಎಡಗೈ ಇಟ್ಟು ಏನೋ ಹೇಳಲು ಹೊರಟರು. ಪದ ಸಿಗಲಿಲ್ಲ. ಕನ್ನಡದಲ್ಲಿಯೂ ಸಿಗಲಿಲ್ಲ. ಶಂಭಣ್ಣ ರಸ್ತೆಯನ್ನೇ ನೋಡುತ್ತಾ, "ಗೊತ್ತಾಯ್ತು," ಎಂದರು.

ಒಳಗಿನಿಂದ ಅಣ್ಣ ಕರೆಯುತ್ತಿದ್ದಾರೆ. ಶರ್ಟ್ ಬಿಚ್ಚಲು ಇರಬೇಕು, ಇಲ್ಲ ಚಹಾಕ್ಕೆ. ಹೋಗಿ ನೋಡಿ ಬಂದು ಉಳಿದದ್ದನ್ನು —